ಹೆಲಿಕಾಪ್ಟರಿನಲ್ಲಿ ಹೋದ ಮುನಿಯಪ್ಪನ ಕೊಂಬುಗಳು

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಗಾರ್ಡುಗಳು ಕೊಳ್ಳೇಗಾಲದ ನನ್ನ ಮನೆಗೆ ಆಗಾಗ ಬರುತ್ತಾರೆ. ಲೋಟದ ಕಾಫಿ ಮುಗಿಯುವ ಮೊದಲೇ ಅದೇ ಪ್ರಶ್ನೆ ಬರುತ್ತದೆ: "ಆನೆ ಅಟ್ಟಿಸ್ಕೊಂಡು ಬಂದಿತ್ತಾ ಸಾರ್?" ಬಂದಿತ್ತು, ಎಷ್ಟೋ ಸಲ ಬಂದಿತ್ತು. ಆದರೆ ಆನೆ ಬಂದಾಗ ಯೋಚನೆ ಮಾಡುವ ಕೆಲಸವಿಲ್ಲ, ಕಾಲಿಗೆ ಬುದ್ಧಿ ಹೇಳಿದರಾಯಿತು. ಅದರಲ್ಲಿ ಕಲಿಯುವಂಥದ್ದೂ ಹೆಚ್ಚೇನಿಲ್ಲ. ನನ್ನ ನೌಕರಿಯಲ್ಲಿ ನಿಜವಾಗಿ ತಲೆ ಕೆಡಿಸಿದ್ದು ಆನೆಯಲ್ಲ, ಒಂದು ಹೆಲಿಕಾಪ್ಟರು. ಹಾಗೆಂದರೆ ಹುಡುಗರು ನಗುತ್ತಾರೆ. ಆಗಲೂ ಎಲ್ಲರೂ ನಕ್ಕಿದ್ದರು. ಅದಕ್ಕೇ ಬರೆದಿಡೋಣ ಎನಿಸಿತು.

ನಾನು ಯಳಂದೂರು ತಾಲ್ಲೂಕಿನ ಅಗರದವನು. ಮನೆಯಲ್ಲಿ ಎಲ್ಲರೂ ಭತ್ತದ ಗದ್ದೆಯವರು. ಗಾರ್ಡ್ ಆಗಿ ಸೇರಿ ಫಾರೆಸ್ಟರ್ ಆಗಿ ಹೊರಬಂದೆ. ನಡುವೆ ಬಂದ ಬಡ್ತಿಯ ಕತೆ ಯಾರಿಗೂ ಬೇಡ, ನನ್ನ ಹೆಂಡತಿಯೂ ಕೇಳುವುದಿಲ್ಲ.

ಮೊದಲು ಸಿಕ್ಕ ಮೇಲಧಿಕಾರಿಗೆ ದೊಡ್ಡ ಮೀಸೆಯಿತ್ತು. ನಾವು ಮೀಸೆ ರೇಂಜರು ಎಂದೇ ಕರೆಯುತ್ತಿದ್ದೆವು, ಅವರ ಬೆನ್ನ ಹಿಂದೆ. ಕೆಲಸಕ್ಕೆ ಸೇರಿದ ದಿನ ನನ್ನ ಕೈಗೊಂದು ಹಿತ್ತಾಳೆ ಸೀಟಿ ಕೊಟ್ಟು, "ಅಪಾಯ ಆದ್ರೆ ಊದು, ಸುಮ್ ಸುಮ್ನೆ ಊದ್‌ಬೇಡ" ಎಂದರು. ನಾನು ಊದಿದ್ದು ಮೊದಲ ವಾರದಲ್ಲೇ. ಪಾಲಾರ್ ಕಡೆಯ ಕಾಡಿನಲ್ಲಿ ನಡೆಯುತ್ತಿದ್ದಾಗ ಒಂದು ದೊಡ್ಡ ಕಡವೆ ಕೊಂಬು ದಾರಿಗಡ್ಡ ಬಿದ್ದಿತ್ತು. ಯಾರೋ ಕಡವೆ ಹೊಡೆದಿದ್ದಾರೆ, ಹೆಣ ಇಲ್ಲೇ ಎಲ್ಲೋ ಇದೆ ಎಂದು ಉಸಿರು ಕಟ್ಟಿ ಊದಿದೆ. ಎಲ್ಲರೂ ಓಡಿ ಬಂದರು. ಇಡೀ ಹಳ್ಳ ಜಾಲಾಡಿದೆವು. ಮುಳ್ಳು ತರಚಿಕೊಂಡದ್ದೇ ಬಂತು. ಕೊನೆಗೆ ರೇಂಜರು ಬಂದು ಕೊಂಬಿನ ಬುಡ ತಿರುಗಿಸಿ ತೋರಿಸಿದರು. ಕೊಡಲಿ ಬಿದ್ದ ಗುರುತೇ ಇರಲಿಲ್ಲ.

"ಹಣ್ಣೆಲೆ ಉದುರೋ ಹಾಗೆ ಉದುರಿದೆ ಕಣಯ್ಯ. ವರ್ಷಾವರ್ಷ ಉದುರತ್ತೆ, ಹೊಸದು ಬರತ್ತೆ. ನಿನ್ನ ಕಡವೆ ಬೋಳುತಲೆ ಹೊತ್ಕೊಂಡು ಎಲ್ಲೋ ಹುಲ್ಲು ಮೇಯ್ತಾ ಇರಬೇಕು. ಹೋಗಿ ಪೋಸ್ಟ್‌ಮಾರ್ಟಂ ಮಾಡು."

ಆವತ್ತಿನಿಂದ ಅವರು ವರ್ಗವಾಗಿ ಹೋಗುವವರೆಗೂ ನನ್ನ ಹೆಸರು ಪೋಸ್ಟ್‌ಮಾರ್ಟಂ ಎಂದಾಯಿತು. ಆದರೆ ಅದೇ ಸಂಜೆ ಅವರು ಹೇಳಿದ ಇನ್ನೊಂದು ಮಾತು ಮುಂದೆ ಉಪಯೋಗಕ್ಕೆ ಬಂತು. ಉದುರಿದ ಕೊಂಬು ಕೂಡ ಕಾಡಿನದು, ಅಂದರೆ ಸರ್ಕಾರದ್ದು. ಬಿದ್ದಿತ್ತು ಎಂದು ಎತ್ತಿಕೊಂಡು ಮನೆಗೆ ಒಯ್ದರೆ, ಒಯ್ದವರು ಯಾರೇ ಆಗಲಿ, ಕೇಸು.

ಆಮೇಲೆ ಗೋಪಿನಾಥಂನಲ್ಲಿ ಕೆಲವು ವರ್ಷ ಇದ್ದೆ. ಬಸ್ಸು ತಪ್ಪಿದರೆ ಆ ದಿನವೇ ತಪ್ಪಿದ ಹಾಗೆ. ಅರ್ಧ ಊರು ತಮಿಳು ಮಾತಾಡುತ್ತಿತ್ತು, ನಾನೂ ಊಟ ಕೇಳುವಷ್ಟು, ಜಗಳ ಬಿಡಿಸುವಷ್ಟು ಕಲಿತೆ. ಮೊಬೈಲಿನಲ್ಲಿ ನಡೆದ ದಾರಿ ತಾನೇ ದಾಖಲಾಗುವ ಕಾಲ ಬಂದದ್ದು ನಾನು ಅಲ್ಲಿಂದ ಹೊರಟ ಮೇಲೆ. ಮೊದಮೊದಲು ನಾವು ಹಿರಿಯರು ಬೈದುಕೊಂಡೆವು. ಮರದ ನೆರಳಿನಲ್ಲಿ ಕೂತರೆ ಅದೂ ಆಫೀಸಿಗೆ ಗೊತ್ತಾಗುತ್ತಿತ್ತಲ್ಲ! ಈಗ ಹೇಳುತ್ತೇನೆ, ಅದು ಒಳ್ಳೆಯ ಪದ್ಧತಿಯೇ. ಆದರೆ ಅದರಲ್ಲಿ ಕಾಲು ಎಲ್ಲಿಗೆ ಹೋಯಿತು ಎಂದು ಗೊತ್ತಾಗುತ್ತದೆ, ಕಣ್ಣು ಏನು ಕಂಡಿತು ಎಂದು ಗೊತ್ತಾಗುವುದಿಲ್ಲ.

ಕೊನೆಯ ಪೋಸ್ಟಿಂಗು ಹನೂರಿನ ಆಚೆ, ಬಸರಿದೊಡ್ಡಿ ಎಂಬ ಕಾಡಂಚಿನ ಊರಿನ ಸೆಕ್ಷನ್. ಊರಿನಿಂದ ಗುಡ್ಡ ಹತ್ತಿದರೆ ಒಂದು ಬಯಲು ಬಂಡೆ. ಬಂಡೆಯ ನಡುವೆ ಮೊಣಕಾಲೆತ್ತರದ ಕಲ್ಲು. ಅದೇ ಮುನಿಯಪ್ಪ. ಗುಡಿ ಇಲ್ಲ, ಪೂಜಾರಿ ಇಲ್ಲ. ದನ ಕಾಯುವವರು, ಜೇನಿಗೆ ಹೋಗುವವರು, ಯಾರಿಗೆ ಉದುರಿದ ಕೊಂಬು ಸಿಕ್ಕಿದರೂ ಆ ಕಲ್ಲಿನ ಬುಡಕ್ಕೆ ತಂದು, ತುದಿ ಗುಡ್ಡದ ಕಡೆ ಮಾಡಿ ಇಡುತ್ತಿದ್ದರು. ಕಡವೆಯದು, ಜಿಂಕೆಯದು, ಮುಳ್ಳುಹಂದಿ ಕಡಿದದ್ದು, ಬಿಸಿಲಿಗೆ ಸುಣ್ಣದ ಹಾಗಾದದ್ದು, ಎಲ್ಲ ಸೇರಿ ಒಂದು ರಾಶಿ.

ಅಲ್ಲಿ ಇನ್ನೊಂದು ಪದ್ಧತಿ ಇತ್ತು. ಅದಕ್ಕೆ ಬದಲಿ ಇಡುವುದು ಎನ್ನುತ್ತಾರೆ. ಮುನಿಯಪ್ಪನ ಬಂಡೆಯಿಂದ ಒಣಕಟ್ಟಿಗೆ ಎತ್ತಿದರೂ ಸರಿ, ಜೇನು ಇಳಿಸಿದರೂ ಸರಿ, ತನ್ನದೊಂದು ವಸ್ತುವನ್ನು ಕಲ್ಲಿನ ಹತ್ತಿರ ಬಿಟ್ಟು ಬರಬೇಕು. ಬಳೆಯೋ, ಬೀಡಿಯೋ, ಅಂಗಿಯ ಗುಂಡಿಯೋ. ಇಟ್ಟದ್ದನ್ನು ಮತ್ತೆ ಯಾರೂ ಮುಟ್ಟುವಂತಿಲ್ಲ. ಇಟ್ಟವರು ಯಾರೆಂದು ಬಾಯಿ ಬಿಡುವಂತೆಯೂ ಇಲ್ಲ.

ನಿಯಮದ ಪ್ರಕಾರ ಆ ಕೊಂಬುಗಳು ನಮ್ಮ ಡಿಪೋದಲ್ಲಿರಬೇಕಾಗಿತ್ತು. ಬಂದ ರೇಂಜರುಗಳೆಲ್ಲ ನೋಡಿಯೂ ನೋಡದ ಹಾಗೆ ಇದ್ದರು. ಡಿಪೋಗೆ ಬೀಗವಿತ್ತು, ಎರಡು ಸಲ ಕಳ್ಳತನವಾಗಿತ್ತು. ಮುನಿಯಪ್ಪನಿಗೆ ಬೀಗವಿರಲಿಲ್ಲ, ಒಂದು ಚೂರೂ ಹೋಗಿರಲಿಲ್ಲ.

ಆ ಬೀಟಿನ ವಾಚರ್ ಮಾದಯ್ಯ. ಬಸರಿದೊಡ್ಡಿಯವನೇ, ದಿನಗೂಲಿಯ ಮೇಲೆ ಎಷ್ಟೋ ವರ್ಷದಿಂದ ಇದ್ದವನು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಖಾಕಿ ಹಾಕಿದವರು ಯಾರೇ ಬಂದರೂ ಎದ್ದು ನಿಲ್ಲುತ್ತಿದ್ದ, ಪೋಸ್ಟ್‌ಮ್ಯಾನ್ ಬಂದರೂ ಸಹ. ಆ ವರ್ಷ ಅವನ ಹೆಸರು ಖಾಯಂ ಆಗುವವರ ಪೈಕಿ ಇದೆ ಎಂದು ಸುದ್ದಿ ಬಂದಿತ್ತು. ಅವನ ಹೆಂಡತಿ ಸಿದ್ದಮ್ಮ ಆಗಲೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಗಂಡ ಮಾತಾಡದ ಪಾಲನ್ನೂ ಆಕೆಯೇ ಮಾತಾಡುತ್ತಿದ್ದಳು.

ಆ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ಸೊಪ್ಪಿನ ಕೊಂಬೆ ಹಿಡಿದು ಬಡಿದೆವು. ಬಡಿದಷ್ಟೂ ಲಂಟಾನ ಹತ್ತಿಕೊಂಡಿತು. ಕೊನೆಗೆ ಸರ್ಕಾರ ಸೇನೆಯ ಹೆಲಿಕಾಪ್ಟರ್ ಕರೆಸಿತು. ಯಾವ ಪಡೆ, ಯಾವ ನೆಲೆ ಎಂದು ನಾನು ಬರೆಯುವುದಿಲ್ಲ, ಬೇಕಾಗಿಯೂ ಇಲ್ಲ. ಹೊಟ್ಟೆಯ ಕೆಳಗೆ ದೊಡ್ಡ ಬಕೆಟ್ ಕಟ್ಟಿಕೊಂಡು ಕೆರೆಯಿಂದ ನೀರು ತಂದು ಸುರಿಯಿತು. ಬೆಂಕಿ ಆರಿತು. ಶಾಲೆಯ ಮೈದಾನದಲ್ಲಿ ಇಳಿದವರಿಗೆ ಊರವರು ಎಳನೀರು ಕೊಟ್ಟರು. ಮಾದಯ್ಯ ಎರಡೂ ಕೈ ಎತ್ತಿ ಮುಗಿದ. ನನ್ನ ಕಣ್ಣಲ್ಲೂ ನೀರು ಬಂತು, ಹೊಗೆಗೆ ಎಂದುಕೊಂಡೆ. ಹೊಗೆಗಲ್ಲ.

ಬೆಂಕಿ ಆರಿದ ಮೇಲೂ ಮರಳಿ ಹತ್ತಿಕೊಂಡಿದೆಯೇ ಎಂದು ನೋಡಲು ಹೆಲಿಕಾಪ್ಟರ್ ಕೆಲವು ದಿನ ಬಂದು ಹೋಗುತ್ತಿತ್ತು. ಊರವರಿಗೆ ಸದ್ದು ಅಭ್ಯಾಸವಾಗಿ ತಲೆ ಎತ್ತಿ ನೋಡುವುದನ್ನೂ ಬಿಟ್ಟರು.

ಅದಾದ ಒಂದು ಮಧ್ಯಾಹ್ನ ದನ ಕಾಯುವವರು ಗುಡ್ಡದಿಂದ ಓಡಿ ಬಂದರು. ಮುನಿಯಪ್ಪನ ಬುಡದಲ್ಲಿ ಒಂದು ಕೊಂಬೂ ಇಲ್ಲ! ಮಾದಯ್ಯನನ್ನು ಕರೆಸಿದೆ. ಅವನು ಕೈಕಟ್ಟಿ ನಿಂತು ನಿಧಾನವಾಗಿ ಹೇಳಿದ.

"ಎಲಿಕಾಪ್ಟ್ರು ಬಂಡೆ ಮ್ಯಾಲೆ ಇಳೀತು ಸಾ. ಮೂರ್ ಜನ ಇಳುದ್ರು. ಕೊಂಬ್ನೆಲ್ಲ ತುಂಬ್ಕಂಡು ಓದ್ರು."

ರೇಂಜ್ ಆಫೀಸಿನಲ್ಲಿ ಎಲ್ಲರೂ ನಕ್ಕರು. ನಮ್ಮ ಆಗಿನ ರೇಂಜರ್ ಮೇಡಂ ಒಬ್ಬರೇ ನಗಲಿಲ್ಲ. ವಯಸ್ಸಿನಲ್ಲಿ ನನ್ನ ಮಗಳಷ್ಟು, ಶಿಸ್ತಿನಲ್ಲಿ ನನ್ನ ಅಜ್ಜಿಯಷ್ಟು. "ನೀವು ತಡೀಲಿಲ್ವಾ?" ಎಂದು ಕೇಳಿದರು.

ಮಾದಯ್ಯ ನೆಲ ನೋಡಿದ. "ಬೆಂಕಿ ಆರ್ಸ್ದೋರು ಅಲ್ವಾ ಅವ್ವಾ? ಅಪ್ಪನ್ ಕೊಂಬು ಸುಟ್ಟೋಗ್ಬಾರ್ದು ಅಂತ ಬ್ಯಾರೆ ಕಡೆ ಮಡಗಾಕೆ ಬಂದವ್ರೆ ಅಂದ್ಕಂಡೆ. ಕೈ ಮಾಡಿ ಕರುದ್ರು. ಯೂನಿಫಾರಂ ಆಕಂಡವ್ರೆ, ನಾನ್ ಇಲ್ಲ ಅನ್ನಕಾಯ್ತದಾ? ನಾನೇ ಅಗ್ಗದಲ್ಲಿ ಕಟ್ಟಿ ಎತ್ಕೊಟ್ಟೆ."

ಈಗ ಯಾರೂ ನಗಲಿಲ್ಲ. ಕೊಟ್ಟವನು ತಾನೇ ಎಂದು ಒಪ್ಪಿಕೊಂಡಿದ್ದಾನೆ. ತೆಗೆದುಕೊಂಡವರನ್ನು ಕಂಡ ಇನ್ನೊಂದು ಕಣ್ಣಿಲ್ಲ.

ಕೊಳ್ಳೇಗಾಲದಲ್ಲಿ ನಮ್ಮ ಮೇಲಿನ ಸಾಹೇಬರ ಮುಂದೆ ವಿಷಯ ಹೋಯಿತು. ಅವರು ಕೆಟ್ಟವರಲ್ಲ, ಹೆದರುವವರು. "ಬೆಂಕಿ ಆರಿಸಿದವರ ಮೇಲೆ ಕೊಂಬು ಕದ್ದರು ಅಂತ ಬರೀಬೇಕೇನ್ರಿ? ನಾಳೆ ಮತ್ತೆ ಬೆಂಕಿ ಬಿದ್ರೆ ಯಾರನ್ನ ಕರೀತೀರಿ? ವಾಚರ್ ತಾನೇ ಕೊಟ್ಟೆ ಅಂದಿದಾನಲ್ಲ, ಅವನನ್ನ ಕೆಲಸದಿಂದ ತೆಗೀರಿ, ಮುಗೀತು."

ಮೇಡಂ ಹೇಳಿದರು, "ಸಾರ್, ಬೆಂಕಿ ಆರಿಸಿದ್ದಕ್ಕೆ ಥ್ಯಾಂಕ್ಸ್ ಹೇಳೋಣ. ಅದು ಬೇರೆ. ಇದು ಬೇರೆ. ಸ್ಥಳ ನೋಡಿ ಬರೋವರೆಗೆ ಟೈಮ್ ಕೊಡಿ."

ಊರಿನಲ್ಲಿ ಅಷ್ಟು ತಾಳ್ಮೆ ಇರಲಿಲ್ಲ. ಟೀ ಅಂಗಡಿಯಲ್ಲಿ ಹೆಲಿಕಾಪ್ಟರ್ ಹೋಗುವ ಸದ್ದನ್ನು ಬಾಯಲ್ಲಿ ಮಾಡಿ ಮಾದಯ್ಯನನ್ನು ಅಣಕಿಸುತ್ತಿದ್ದರು. ಕೊಂಬು ಮಾರಿಕೊಂಡು ಕತೆ ಕಟ್ಟಿದ್ದಾನೆ ಎಂದರು. ಅದಕ್ಕಿಂತ ಹೆಚ್ಚು ಸುಟ್ಟದ್ದು ದೇವರದ್ದನ್ನು ಮಾರಿದ ಎಂಬ ಮಾತು. ಸಿದ್ದಮ್ಮ ನಲ್ಲಿಗೆ ಹೋದರೆ ಉಳಿದವರು ಕೊಡ ಸರಿಸಿಕೊಂಡು ದೂರ ನಿಲ್ಲುತ್ತಿದ್ದರು. ಒಂದು ದಿನ ಆಕೆ ನನ್ನ ಜೀಪಿಗೆ ಅಡ್ಡ ನಿಂತಳು.

"ಕೆಲ್ಸ ಓದ್ರೆ ಕೂಲಿ ಮಾಡ್ಕಂಡು ತಿಂತೀವಿ ಸಾ. ಕಳ್ಳನ್ ಎಡ್ತಿ ಅನ್ನುಸ್ಕಂಡು ಎಂಗ್ ಬದುಕ್ಲಿ? ಆ ಮನುಸ ಮೂರ್ ದಿನದಿಂದ ಮುದ್ದೆ ಮುರ್ದಿಲ್ಲ."

ಮಾದಯ್ಯ ಸುಳ್ಳು ಹೇಳುವವನಲ್ಲ ಎಂದು ನನಗೆ ಗೊತ್ತು. ಅದು ಯಾವ ಕಾಗದದ ಮೇಲೂ ನಿಲ್ಲುವುದಿಲ್ಲ ಎಂಬುದೂ ಗೊತ್ತು.

ಮರುದಿನ ಮೇಡಂ, ನಾನು, ಮಾದಯ್ಯ ಮೂವರೂ ಗುಡ್ಡ ಹತ್ತಿದೆವು. ಬಂಡೆಯ ಸುತ್ತ ಸುಟ್ಟ ನೆಲ. ಬೂದಿಯೆಲ್ಲ ಯಾರೋ ಪೊರಕೆಯಲ್ಲಿ ಗುಡಿಸಿದ ಹಾಗೆ ಅಂಚಿಗೆ ಹೋಗಿ ಕೂತಿತ್ತು. ಹೆಲಿಕಾಪ್ಟರಿನ ರೆಕ್ಕೆಯ ಗಾಳಿಗೆ ಇರಬೇಕು ಎಂದು ಮೇಡಂ ತಲೆಯಾಡಿಸಿದರು. ಆದರೆ ಬರೀ ಬೀಸುಗಾಳಿಗೂ ಹೀಗಾಗಬಹುದು ಎಂದು ಯಾರಾದರೂ ವಾದಿಸಬಹುದು. ನಾನು ಚಪ್ಪಲಿ ಬಿಟ್ಟು ಮುನಿಯಪ್ಪನ ಹತ್ತಿರ ಹೋದೆ. ಕಲ್ಲಿನ ಬುಡ ಬೋಳಾಗಿತ್ತು. ಪಕ್ಕದಲ್ಲಿ ಬದಲಿ ಇಟ್ಟ ಬಳೆ, ಗುಂಡಿ, ತುಕ್ಕು ಹಿಡಿದ ಪಿನ್ನು ಎಲ್ಲ ಹಾಗೇ ಇದ್ದವು. ಅವುಗಳ ನಡುವೆ, ಒಂದು ಬೆಣಚುಕಲ್ಲಿನ ಅಡಿ, ಬಟ್ಟೆಯ ತುಂಡೊಂದು ಕಂಡಿತು. ಬಾಗಿ ನೋಡಿದೆ. ರೆಕ್ಕೆ ಬಿಚ್ಚಿದ ಗಿಡುಗದ ಚಿತ್ರ, ಕೆಳಗೆ ಪಡೆಯ ಗುರುತು. ಪೈಲಟ್‌ಗಳು ತೋಳಿನ ಮೇಲೆ ಅಂಟಿಸಿಕೊಳ್ಳುವ ಪಟ್ಟಿ. ಜೇನಿನ ಹೆಂಗಸರು ಯಾರೋ ಅದಕ್ಕೂ ಕುಂಕುಮ ಹಚ್ಚಿ ಹೋಗಿದ್ದರು.

"ಮಾದಯ್ಯ, ಇದೇನೋ?"

ಅವನು ಮುಖ ತಿರುಗಿಸಿ ನಿಂತ. "ನಾನ್ ಏಳಂಗಿಲ್ಲ ಸಾ. ನಿಮ್ಗೆ ಕಣ್ಣು ಅದೆಯಲ್ಲ."

ಆಗ ಅರ್ಥವಾಯಿತು. ಕೊಂಬು ಒಯ್ಯುವವರ ಕೈಲಿ ಇವನು ಬದಲಿ ಇಡಿಸಿದ್ದಾನೆ! ಭಾಷೆ ಬರದಿದ್ದರೂ, ಆ ರೆಕ್ಕೆಯ ಸದ್ದಿನಲ್ಲೂ, ಕೈಸನ್ನೆ ಮಾಡಿ, ಬರಿಗೈಲಿ ಹೋಗಬೇಡಿ, ಏನಾದರೂ ಇಟ್ಟು ಹೋಗಿ ಎಂದು ಕೇಳಿದ್ದಾನೆ. ಅವರಲ್ಲೊಬ್ಬ ತಮಾಷೆಗೋ ಭಯಕ್ಕೋ ತೋಳಿನಿಂದ ಚರ್ ಎಂದು ಕಿತ್ತು ಇಟ್ಟಿದ್ದಾನೆ. ಇವನ ಕೆಲಸ, ಮಾನ ಎರಡನ್ನೂ ಉಳಿಸುವ ವಸ್ತು ಇಲ್ಲಿ ಬಿಸಿಲಿನಲ್ಲಿ ಬಿದ್ದಿದೆ. ಇಟ್ಟವರ ಹೆಸರು ಹೇಳಬಾರದು ಎಂಬ ಕಟ್ಟಳೆಗೆ ಕಟ್ಟುಬಿದ್ದು ಇವನು ತುಟಿ ಬಿಚ್ಚಿಲ್ಲ. ನನಗೆ ಸಿಟ್ಟು ಬಂತು, ಅಳುವೂ ಬಂತು.

"ಸೀಜ್ ಮಾಡಿ" ಎಂದು ಮೇಡಂ ಮುಂದೆ ಬಂದರು. ಮಾದಯ್ಯ ಅಡ್ಡ ನಿಂತ. ಅಷ್ಟು ವರ್ಷದಲ್ಲಿ ಖಾಕಿಗೆ ಅವನು ಅಡ್ಡ ನಿಂತದ್ದನ್ನು ನಾನು ನೋಡಿರಲಿಲ್ಲ.

"ಕೆಲ್ಸ ಓದ್ರೆ ಓಗ್ಲಿ ಅವ್ವಾ. ಅಪ್ಪುನ್ಗೆ ಇಟ್ಟಿರದ ಮುಟ್‌ಬ್ಯಾಡಿ."

ಫೋಟೋ ತೆಗೆದರೆ ಸಾಲದೇ ಎಂದೆ. ಸಾಲದು, ವಸ್ತುವೇ ಬೇಕು ಎಂದರು ಮೇಡಂ. ಅವರು ಹೇಳಿದ್ದೂ ಸರಿ. ಕೊನೆಗೆ ನಾನು ಕೇಳಿದೆ, "ಮಾದಯ್ಯ, ಮುನಿಯಪ್ಪನ ಹತ್ರ ಏನು ತಗೊಂಡ್ರೂ ಬದಲಿ ಇಡಬೇಕು ತಾನೇ? ಇದನ್ನ ತಗೊಂಡು ಇದಕ್ಕೂ ಬದಲಿ ಇಟ್ರೆ?"

ಅವನು ಬಹಳ ಹೊತ್ತು ಯೋಚಿಸಿದ. ಯಾವ ನ್ಯಾಯಾಧೀಶರೂ ಅಷ್ಟು ಯೋಚಿಸಿದ್ದನ್ನು ನಾನು ಕಂಡಿಲ್ಲ. "ಇಡ್ಬೋದು ಸಾ. ಆದ್ರೆ ಬ್ಯಾಡಾದ್ನ ಇಡಂಗಿಲ್ಲ. ಬುಡಕ್ಕೆ ಮನ್ಸು ಬರ್ದೆ ಇರದ್ನೇ ಇಡ್ಬೇಕು."

ಕುತ್ತಿಗೆಯಲ್ಲಿದ್ದ ಹಿತ್ತಾಳೆ ಸೀಟಿ ತೆಗೆದೆ. ಮೀಸೆ ರೇಂಜರು ತೀರಿಹೋಗಿ ಆಗಲೇ ಬಹಳ ಕಾಲವಾಗಿತ್ತು. ಒಮ್ಮೆ ಊದಿ, ಮುನಿಯಪ್ಪನ ಪಕ್ಕ ಇಟ್ಟೆ. ಮಾದಯ್ಯ ತಾನೇ ಬೆಣಚುಕಲ್ಲು ಎತ್ತಿ ಪಟ್ಟಿಯನ್ನು ಮೇಡಂ ಕೈಗೆ ಕೊಟ್ಟ.

ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟೇ. ಯಾರಾದರೂ ನಗು ಬರಿಸುವ ಹೇಳಿಕೆ ಕೊಟ್ಟರೆ, ನಗುವುದಿದ್ದರೆ ಸ್ಥಳ ನೋಡಿ ಬಂದು ನಗಿ. ನಾವು ಆಫೀಸಿನಲ್ಲಿ ನಕ್ಕು ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಸಂಸಾರ ಬೀದಿಗೆ ಬೀಳುತ್ತಿತ್ತು.

ಪಟ್ಟಿ ನೋಡಿದ ಮೇಲೆ ಸಾಹೇಬರೂ ಹೆದರುವುದನ್ನು ಬಿಟ್ಟರು, ಅಥವಾ ಬೇರೆ ಕಡೆಗೆ ಹೆದರಿದರು. ಮೇಡಂ ಬರೆದದ್ದು ಆ ಪಡೆಯ ನೆಲೆಗೆ ಹೋಯಿತು. ನಾವು ಎಣಿಸಿದ ಹಾಗೆ ಅವರು ಮುಚ್ಚಿಹಾಕಲಿಲ್ಲ. ಅದನ್ನು ಹೇಳಲೇಬೇಕು. ಹಾರಾಟದ ನೆಪದಲ್ಲಿ ಕಾಡಿಗೆ ಇಳಿದವರನ್ನು ಹಾರಾಟದಿಂದ ಕೆಳಗಿಳಿಸಿ ವಿಚಾರಣೆ ನಡೆಸಿದರು. ಮನೆಯ ಗೋಡೆಗೆ ಚೆನ್ನಾಗಿ ಕಾಣುತ್ತದೆ ಎಂದು ಒಯ್ದದ್ದಂತೆ. ಮಾರುವ ಯೋಚನೆಯೂ ಇರಲಿಲ್ಲವಂತೆ. ಬಿದ್ದಿದ್ದ ಕೊಂಬು ತಾನೇ, ಯಾರದ್ದೂ ಅಲ್ಲ ಎಂದುಕೊಂಡಿದ್ದರಂತೆ. ನಾನೂ ಒಂದು ಕಾಲದಲ್ಲಿ ಬಿದ್ದ ಕೊಂಬಿಗೆ ಹೆಣ ಹುಡುಕಿದವನು. ಅವರ ಮೇಲೆ ಪೂರಾ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಕೇಸು ಕೇಸಿನ ದಾರಿಯಲ್ಲಿ ಹೋಯಿತು. ಕೊಂಬುಗಳು ಮೊದಲಿದ್ದ ಜಾಗದಲ್ಲೇ ಇಲಾಖೆಯ ಸುಪರ್ದಿಯಲ್ಲಿರಲಿ ಎಂದು ಮೇಡಂ ಕೋರ್ಟಿನ ಅನುಮತಿ ತಂದರು. ಹೇಗೆ ವಾದಿಸಿದರೋ, ಅದು ಅವರಿಗೇ ಗೊತ್ತು.

ಒಂದು ಬೆಳಿಗ್ಗೆ ಆ ಪಡೆಯ ದೊಡ್ಡ ಅಧಿಕಾರಿ ಬಸರಿದೊಡ್ಡಿಗೆ ಬಂದರು. ಜೊತೆಗೆ ಆ ಮೂವರು. ಈ ಸಲ ಆಕಾಶದಿಂದಲ್ಲ, ರಸ್ತೆಯ ಮೇಲೆ, ಧೂಳು ಕುಡಿಯುತ್ತ. ಕೊಂಬಿನ ಮೂಟೆಗಳನ್ನು ಅವರೇ ಹೊತ್ತು ಗುಡ್ಡ ಹತ್ತಿದರು. ಹಿಂದೆ ಇಡೀ ಊರು. ಅರ್ಧ ದಾರಿಯಲ್ಲಿ ಒಬ್ಬ ಏದುಸಿರು ಬಿಟ್ಟಾಗ ಯಾರೋ ಕೂಗಿದರು, "ಎಲಿಕಾಪ್ಟ್ರು ಕರ್ಸಕಿಲ್ವಾ ಸಾ?" ಅವನೂ ಅರ್ಥವಾದವನ ಹಾಗೆ ನಕ್ಕ.

ಬಂಡೆಯ ಮೇಲೆ ಮಾದಯ್ಯನದೇ ಅಧಿಕಾರ. ಎಲ್ಲರ ಬೂಟು ಬಿಡಿಸಿದ. ಕೇಸಿಗಾಗಿ ಮೇಡಂ ಬಳಿ ಇದ್ದ ಪಟ್ಟಿಯನ್ನು ಮೊದಲು ಕಲ್ಲಿನ ಬಳಿ ಇಡಿಸಿ, ನನ್ನ ಸೀಟಿ ನನಗೆ ಕೊಟ್ಟ. ಆಮೇಲೆ ಕೊಂಬು. ಅವರು ತುದಿಯನ್ನು ಊರಿನ ಕಡೆ ಮಾಡಿ ಇಡುತ್ತ ಬಂದರು, ಇವನು ಒಂದೊಂದನ್ನೇ ಗುಡ್ಡದ ಕಡೆ ತಿರುಗಿಸುತ್ತ ಬಂದ. ಸ್ವಲ್ಪ ಹೊತ್ತು ನೋಡಿದ ದೊಡ್ಡ ಅಧಿಕಾರಿ ತಾವೂ ಕುಕ್ಕುರುಗಾಲಲ್ಲಿ ಕೂತು ಅವನ ಜೊತೆ ತಿರುಗಿಸತೊಡಗಿದರು. ಎಲ್ಲ ಮುಗಿದ ಮೇಲೆ ಮಾದಯ್ಯ ಪಟ್ಟಿ ಇಟ್ಟಿದ್ದ ಯುವಕನಿಗೆ, "ತಕ್ಕಳಪ್ಪ, ಲೆಕ್ಕ ಸರೋಯ್ತು" ಎಂದು ಕೈ ತೋರಿಸಿದ. ಕೇಸು ಮುಗಿಯುವವರೆಗೆ ಅದು ತಮ್ಮ ಹತ್ತಿರವೇ ಇರಬೇಕು ಎಂದು ಮೇಡಂ ನಡುವೆ ಬಾಯಿ ಹಾಕಿದರು. ಎಲ್ಲರೂ ನಕ್ಕರು, ಮಾದಯ್ಯನೂ ನಕ್ಕ.

ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, ಈತನಿಗೆ ನಾವೇನು ಮಾಡಬಹುದು ಕೇಳಿ ಎಂದರು. ಕೇಳಿದೆ. ಮಾದಯ್ಯ ಬೇಡ ಬೇಡ ಎಂದು ಕೈಯಾಡಿಸಿದ. ಆಗ ಗುಂಪಿನಿಂದ ಸಿದ್ದಮ್ಮ ಮುಂದೆ ಬಂದಳು.

"ಯಾನೂ ಬ್ಯಾಡ ಸಾ. ನನ್ ಗಂಡ ಕದ್ದಿಲ್ಲ ಅಂತ ಅವ್ರ್ ಬಾಯಲ್ಲೇ ಏಳ್ಲಿ. ಕನ್ನಡದಲ್ಲಿ ಏಳ್ಲಿ."

ಆ ಯುವಕನಿಗೆ ನಾನೇ ಪಾಠ ಹೇಳಿಕೊಟ್ಟೆ. ತುಟಿಯಲ್ಲಿ ನಾಲ್ಕಾರು ಸಲ ಗುನುಗಿಕೊಂಡು, ಬರಿಗಾಲಲ್ಲಿ ಊರವರ ಎದುರು ನಿಂತು, ತಲೆ ತಗ್ಗಿಸಿ ಹೇಳಿದ: "ಮಾದಯ್ಯ ಕದ್ದಿಲ್ಲ. ತಗೊಂಡು ಹೋದವರು ನಾವು. ತಪ್ಪಾಯ್ತು."

ಮಾದಯ್ಯ ತಲೆ ಎತ್ತಿ ಊರವರನ್ನು ನೋಡಿದ. ಕೆಲಸ ಖಾಯಂ ಆದ ದಿನವೂ ಅವನ ಮುಖದಲ್ಲಿ ನಾನು ಆವತ್ತಿನ ಬೆಳಕು ಮತ್ತೆ ಕಾಣಲಿಲ್ಲ. ಸಿದ್ದಮ್ಮ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ನಲ್ಲಿಯ ಹತ್ತಿರ ಕೊಡ ಸರಿಸಿಕೊಂಡವರು ನಿಂತಿದ್ದ ಕಡೆ ತಿರುಗಿ ನೋಡಿದಳು.

"ಇನ್ನೊಂದ್ಸಲ ಏಳ್ಸಿ ಸಾ. ಇಂದ್ಗಡೆ ನಿಂತಿರೋರ್ಗೆ ಕೇಳ್ನಿಲ್ಲ."

ಅವನು ಇನ್ನೊಂದು ಸಲ ಹೇಳಿದ, ಜೋರಾಗಿ.